ದೂಲೊಸ್: ಸೇವಕನೋ, ಗುಲಾಮನೋ?

ಪಿಎಚ್.ಡಿ.ಗೆ ಸೇರಿದ ಮೊದಲ ವರ್ಷ ನಾನು ಗ್ರೀಕ್ ಕಲಿಯಲು ಹೋದೆ. ನನ್ನ ಸಂಶೋಧನೆ 19ನೇ ಶತಮಾನದ ಮಿಷನರಿ ಅನುವಾದಗಳ ಮೇಲೆ. ಮೂಲವನ್ನು ಒಂದಿಷ್ಟಾದರೂ ಓದಲು ಬಾರದೆ ಅನುವಾದದ ತಪ್ಪು ಒಪ್ಪು ಹೇಳಬಾರದು ಎಂದು ನನ್ನ ಗೈಡ್ ಹಟ ಹಿಡಿದಿದ್ದರು. ವಾರಕ್ಕೆರಡು ಸಂಜೆ ನಿವೃತ್ತ ಪಾದ್ರಿಯೊಬ್ಬರು ನಾಲ್ಕು ಜನಕ್ಕೆ ಪಾಠ ಹೇಳುತ್ತಿದ್ದರು. ಬಾಯಿಪಾಠ ಮಾಡಬೇಕಿದ್ದ ಪದಗಳ ಪಟ್ಟಿಯಲ್ಲಿ ಮೂರನೆಯ ವಾರ 'ದೂಲೊಸ್' ಎಂಬ ಪದ ಬಂತು. ಅದರ ಎದುರು ಇಂಗ್ಲಿಷಿನಲ್ಲಿ ಎರಡು ಅರ್ಥ ಕೊಟ್ಟಿದ್ದರು: ಸೇವಕ, ಗುಲಾಮ. "ಎರಡರಲ್ಲಿ ಯಾವುದು ಅಯ್ಯನವರೇ?" ಎಂದು ಕೇಳಿದೆ. "ಸಂದರ್ಭ ನೋಡಿ ಹಾಕ್ಕೊಳಮ್ಮ" ಎಂದು ಅವರು ಮುಂದಿನ ಪದಕ್ಕೆ ಹೋದರು.

ನನಗೆ ಮುಂದಿನ ಪದಕ್ಕೆ ಹೋಗಲಾಗಲಿಲ್ಲ. ಅದಕ್ಕೆ ಮನೆಯ ಕಾರಣವೊಂದಿತ್ತು. ನಮ್ಮ ತಾತ ಹುಡುಗನಾಗಿದ್ದಾಗ ಅವರಪ್ಪ ಮಾಡಿದ ಸಾಲಕ್ಕೆ ಕೆಲವು ವರ್ಷ ಜೀತಕ್ಕಿದ್ದವರು. ಆ ಬಗ್ಗೆ ಅವರು ಹೆಚ್ಚು ಮಾತಾಡಿದವರಲ್ಲ. ಒಮ್ಮೆ ನಾನು ಶಾಲೆಯ ಪ್ರಾಜೆಕ್ಟಿಗೆಂದು, ಕೂಲಿಗೂ ಜೀತಕ್ಕೂ ಏನು ವ್ಯತ್ಯಾಸ ತಾತ ಎಂದು ಕೇಳಿದ್ದೆ. "ಕೂಲಿಯವ್ನು ಸಂಜೆ ಮನೆಗೋಗ್ತಾನೆ ಕಣವ್ವ" ಅಂದಿದ್ದರು. ಗ್ರೀಕ್ ಪಟ್ಟಿಯಲ್ಲಿ ಸೇವಕ, ಗುಲಾಮ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದನ್ನು ನೋಡಿದಾಗ ನನಗೆ ನೆನಪಾದದ್ದು ಈ ಮಾತು.

ಹೊಸ ಒಡಂಬಡಿಕೆಯಲ್ಲಿ ದೂಲೊಸ್ 120ಕ್ಕೂ ಹೆಚ್ಚು ಸಲ ಬರುತ್ತದೆ. ಪದ ಬಹಳ ಹಳೆಯದು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಲೀನಿಯರ್ ಬಿ ಲಿಪಿಯನ್ನು ಓದಿದ ಮೇಲೆ, ಕ್ರಿಸ್ತಪೂರ್ವ ಸುಮಾರು 1200ರ ಮಣ್ಣಿನ ಹಲಗೆಗಳಲ್ಲೇ ಇದರ ಪ್ರಾಚೀನ ರೂಪ 'ದೊಎರೊ' ಸಿಕ್ಕಿತು. ಪೈಲೊಸ್ ಅರಮನೆಯ ಲೆಕ್ಕಪತ್ರಗಳಲ್ಲಿ 'ದೇವರ ದೊಎರೊ' ಎಂದು ಕರೆಸಿಕೊಂಡ ಗಂಡಸರೂ ಹೆಂಗಸರೂ ಇದ್ದಾರೆ. ಅವರ ಹೆಸರಿನಲ್ಲಿ ಜಮೀನಿನ ಗೇಣಿಯೂ ನಮೂದಾಗಿದೆ. ಅಂದರೆ ಮನುಷ್ಯರ ಒಡೆತನಕ್ಕೆ ಸೇರಿದವನಿಗೂ ದೇವರಿಗೆ ಸೇರಿದವನಿಗೂ ಒಂದೇ ಪದ ಬಳಸುವುದು ಕ್ರೈಸ್ತ ಧರ್ಮಕ್ಕಿಂತ ಸಾವಿರ ವರ್ಷಕ್ಕೂ ಹಳೆಯ ವಾಡಿಕೆ.

ಆದರೆ ಯೇಸುವಿನ, ಪೌಲನ ಕಾಲಕ್ಕೆ ಗ್ರೀಕ್ ಆಡುವ ಪಟ್ಟಣಗಳ ಬೀದಿಯಲ್ಲಿ ಈ ಪದ ಕೇಳಿದವರಿಗೆ ಗೊಂದಲವೇನೂ ಆಗುತ್ತಿರಲಿಲ್ಲ. ದೂಲೊಸ್ ಎಂದರೆ ಇನ್ನೊಬ್ಬರ ಸ್ವತ್ತಾದ ಮನುಷ್ಯ. ಅರಿಸ್ಟಾಟಲ್ ಅವನನ್ನು ಜೀವವಿರುವ ಉಪಕರಣ ಎಂದು ಕರೆದಿದ್ದ. 2ನೇ ಶತಮಾನದ ರೋಮನ್ ನ್ಯಾಯವೇತ್ತ ಗಾಯಸ್ ಮನುಷ್ಯರನ್ನು ವಿಂಗಡಿಸುವಾಗ ಮೊದಲ ಗೆರೆಯನ್ನು ಎಳೆದದ್ದು ಸ್ವತಂತ್ರರು, ಗುಲಾಮರು ಎಂದೇ. ರೋಮನ್ ಗುಲಾಮಗಿರಿಗೆ ಚರ್ಮದ ಬಣ್ಣದ ಲೆಕ್ಕವಿರಲಿಲ್ಲ. ಗುಲಾಮರಲ್ಲಿ ಮೇಷ್ಟರಿದ್ದರು, ವೈದ್ಯರಿದ್ದರು, ಲೆಕ್ಕ ಬರೆಯುವವರಿದ್ದರು. ಹಲವರಿಗೆ ಮುಂದೆ ಬಿಡುಗಡೆಯೂ ಸಿಗುತ್ತಿತ್ತು. ಇದನ್ನೇ ಮುಂದೆ ಮಾಡಿ, ಅದು ಅಷ್ಟೇನೂ ಕ್ರೂರವಾಗಿರಲಿಲ್ಲ ಎನ್ನುವವರಿದ್ದಾರೆ. ಆದರೆ ಅವರನ್ನು ಮಾರಬಹುದಿತ್ತು, ಹೊಡೆಯಬಹುದಿತ್ತು. ಅವರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಗುಲಾಮ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ ಮಗು ಅವಳ ಒಡೆಯನಿಗೆ ಸೇರುತ್ತಿತ್ತು. ನ್ಯಾಯಾಲಯದಲ್ಲಿ ಅವರ ಸಾಕ್ಷಿಯನ್ನು ಚಿತ್ರಹಿಂಸೆ ಕೊಟ್ಟು ಪಡೆಯುವುದು ರೂಢಿಯಾಗಿತ್ತು.

ಸಂಬಳಕ್ಕೋ ದಿನಗೂಲಿಗೋ ದುಡಿಯುವವನಿಗೆ ಗ್ರೀಕಿನಲ್ಲಿ ಬೇರೆ ಪದವೇ ಇದೆ, 'ಮಿಸ್ಥಿಯೊಸ್'. ಊಟ ಬಡಿಸುವ, ಓಲೆ ತಲುಪಿಸುವ, ಯಾರದೋ ಪರವಾಗಿ ಕೆಲಸ ಮಾಡಿಕೊಡುವವನು 'ದಿಯಾಕೊನೊಸ್'. ಲೂಕ ಈ ವ್ಯತ್ಯಾಸವನ್ನು ಎಷ್ಟು ಎಚ್ಚರದಿಂದ ಬಳಸುತ್ತಾನೆ ಎಂಬುದಕ್ಕೆ 15ನೇ ಅಧ್ಯಾಯದ ತಪ್ಪಿಹೋದ ಮಗನ ಕಥೆಯನ್ನೇ ನೋಡಬಹುದು. ಆಸ್ತಿಯೆಲ್ಲ ಕಳೆದುಕೊಂಡು ಹಸಿದ ಮಗ, ಅಪ್ಪನ ಬಳಿ ಹೋಗಿ ತನ್ನನ್ನು ಒಬ್ಬ ಮಿಸ್ಥಿಯೊಸ್ ಎಂದಾದರೂ ಇಟ್ಟುಕೋ ಎಂದು ಬೇಡಲು ನಿರ್ಧರಿಸುತ್ತಾನೆ. ಅವನು ಕೇಳಬೇಕೆಂದುಕೊಂಡದ್ದು ಕೂಲಿಯವನ ಜಾಗವನ್ನು. ಮಗ ಬಂದಾಗ ಒಳ್ಳೆಯ ಬಟ್ಟೆ ತಂದು ತೊಡಿಸಿರೆಂದು ಅಪ್ಪ ಹೇಳುವುದು ದೂಲೊಸ್‌ಗಳಿಗೆ. ಹೊರಗೆ ನಿಂತು ಮುನಿಸಿಕೊಂಡ ಹಿರಿಯ ಮಗ ಇಷ್ಟು ವರ್ಷ ನಿನಗಾಗಿ ದುಡಿದೆ ಎನ್ನುವಾಗ ಬಳಸುವ ಕ್ರಿಯಾಪದ ಅದೇ ದೂಲೊಸ್ ಬೇರಿನದು. ಮನೆಯ ಮಗನಾಗಿದ್ದೂ ಗುಲಾಮನಂತೆ ಗೇಯ್ದೆ ಎಂಬ ಕಹಿ ಅದರಲ್ಲಿದೆ. 1611ರ ಪ್ರಸಿದ್ಧ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನಲ್ಲಿ ಕೂಲಿಯವನು 'ಹೈರ್ಡ್ ಸರ್ವೆಂಟ್', ಗುಲಾಮ ಬರೀ 'ಸರ್ವೆಂಟ್', ಹಿರಿಯ ಮಗ ಮಾಡಿದ್ದು 'ಸರ್ವ್'. ಎಲ್ಲವೂ ಸೇವೆಯೇ. ಹಿರಿಯವನ ಸಿಟ್ಟಿನ ಅರ್ಧ ಬಿಸಿ ಅಲ್ಲೇ ಆರಿಹೋಯಿತು.

ಸೇವಕ ಎಂಬ ಅನುವಾದ ಎಲ್ಲಿಂದ ಬಂತು? ಎರಡು ದಾರಿಗಳಿಂದ. ಒಂದು ಹೀಬ್ರೂ ದಾರಿ. ಹಳೆಯ ಒಡಂಬಡಿಕೆಯ 'ಎಬೆದ್' ಎಂಬ ಪದ ಗುಲಾಮನಿಗೂ ಸಲ್ಲುತ್ತದೆ, ಅರಸನ ಮಂತ್ರಿಗೂ ಸಲ್ಲುತ್ತದೆ, ದೇವರ ಕೆಲಸಕ್ಕೆ ಒಪ್ಪಿಸಿಕೊಂಡ ಮೋಶೆಯಂಥವರಿಗೆ ಬಿರುದಾಗಿಯೂ ಸಲ್ಲುತ್ತದೆ. ಇದರ ಅರಬ್ಬೀ ಸೋದರ ಪದ 'ಅಬ್ದ್'. ನಮ್ಮೂರ ಅಬ್ದುಲ್ಲಾ ಎಂಬ ಹೆಸರಿನ ಅರ್ಥ ಅಲ್ಲಾಹನ ದಾಸ ಎಂದು. ಗ್ರೀಕಿಗೆ ತಂದವರು ಎಬೆದ್‌ಗೆ ಹಲವು ಕಡೆ ದೂಲೊಸ್ ಎಂದು ಹಾಕಿದರು. ಹಾಗಾಗಿ ಪೌಲ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲೇ ತನ್ನನ್ನು ಕ್ರಿಸ್ತನ ದೂಲೊಸ್ ಎಂದು ಕರೆದುಕೊಂಡಾಗ ಅದರಲ್ಲಿ ಪ್ರವಾದಿಗಳ ಬಿರುದಿನ ಧ್ವನಿಯೂ ಇದೆ. ಡೇಲ್ ಮಾರ್ಟಿನ್ ಎಂಬ ವಿದ್ವಾಂಸ 1990ರ ತನ್ನ ಪುಸ್ತಕದಲ್ಲಿ ಇನ್ನೊಂದು ಮಾತು ಸೇರಿಸಿದ: ಸೀಸರನ ಮನೆಯ ಗುಲಾಮರು ಎಷ್ಟೋ ಸ್ವತಂತ್ರರಿಗಿಂತ ಹೆಚ್ಚು ಪ್ರಭಾವಿಗಳಾಗಿದ್ದ ಲೋಕದಲ್ಲಿ, ದೊಡ್ಡ ಒಡೆಯನ ಗುಲಾಮ ಎನ್ನಿಸಿಕೊಳ್ಳುವುದರಲ್ಲಿ ಒಂದು ತೂಕವಿತ್ತು.

ಇದನ್ನೆಲ್ಲ ಒಪ್ಪಿದರೂ ಪೌಲನ ರೂಪಕ ನಿಂತಿರುವುದು ನಿಜವಾದ ಗುಲಾಮರ ಸಂತೆಯ ಮೇಲೆ. ಕೊರಿಂಥದವರಿಗೆ ಬರೆಯುವಾಗ ನೀವು ಬೆಲೆ ಕೊಟ್ಟು ಕೊಳ್ಳಲ್ಪಟ್ಟವರು ಎಂಬ ಅರ್ಥದ ಮಾತನ್ನು ಎರಡು ಸಲ ಹೇಳುತ್ತಾನೆ. 1908ರಲ್ಲಿ ಜರ್ಮನ್ ವಿದ್ವಾಂಸ ಅಡಾಲ್ಫ್ ಡೈಸ್‌ಮನ್ ಇದರ ಪಕ್ಕದಲ್ಲಿ ಡೆಲ್ಫಿಯ ಶಾಸನಗಳನ್ನು ತಂದಿಟ್ಟ. ಅಲ್ಲಿನ ಅಪೊಲೊ ದೇವಸ್ಥಾನದ ಕಲ್ಲುಗಳ ಮೇಲೆ ಸುಮಾರು ಸಾವಿರ ಬಿಡುಗಡೆ ಪತ್ರಗಳಿವೆ. ಗುಲಾಮನನ್ನು ಇಂತಿಷ್ಟು ಬೆಲೆಗೆ ದೇವರಿಗೆ 'ಮಾರುವ' ರೂಪದಲ್ಲಿ ಅವನ್ನು ಬರೆಯಲಾಗಿದೆ. ಹಣ ಬಹುಪಾಲು ಗುಲಾಮನೇ ಕೂಡಿಟ್ಟದ್ದು. ಎಷ್ಟೋ ಪತ್ರಗಳಲ್ಲಿ ಒಂದು ಷರತ್ತೂ ಇದೆ: ಬಿಡುಗಡೆಯಾದ ಮೇಲೂ ಹಳೆಯ ಒಡೆಯ ಸಾಯುವವರೆಗೆ ಅವನ ಜೊತೆಗಿದ್ದು ಹೇಳಿದ ಕೆಲಸ ಮಾಡಬೇಕು. ಪೌಲ ಇಲ್ಲಿಂದಲೇ ರೂಪಕ ತೆಗೆದುಕೊಂಡ ಎಂಬ ಡೈಸ್‌ಮನ್‌ನ ವಾದವನ್ನು ನಂತರದವರು ಪೂರ್ತಿ ಒಪ್ಪಲಿಲ್ಲ. ಆದರೆ ಪೌಲನ ಓದುಗರಿಗೆ ಬೆಲೆ, ಒಡೆಯ, ಬಿಡುಗಡೆ ಎಂಬ ಪದಗಳು ಎಲ್ಲಿಂದ ಬಂದವೆಂದು ಆ ಕಲ್ಲುಗಳು ತೋರಿಸುತ್ತವೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಕ್ರಿಸ್ತ ದೂಲೊಸ್‌ನ ರೂಪ ಧರಿಸಿದ, ಶಿಲುಬೆಯ ಮರಣದವರೆಗೂ ಇಳಿದ ಎಂದು ಬರುತ್ತದೆ. ಶಿಲುಬೆ ರೋಮನ್ನರ ಕಣ್ಣಲ್ಲಿ ಗುಲಾಮರಿಗೆ ಕೊಡುವ ಶಿಕ್ಷೆಯಾಗಿತ್ತು. ಅಲ್ಲಿ ಸೇವಕ ಎಂದು ಹಾಕಿದರೆ ವಾಕ್ಯ ಸಡಿಲವಾಗುತ್ತದೆ.

ಎರಡನೆಯ ದಾರಿ ಲ್ಯಾಟಿನ್ನಿನದು. ಲ್ಯಾಟಿನ್ ಬೈಬಲಿನಲ್ಲಿ ದೂಲೊಸ್‌ಗೆ ಬಂದ 'ಸರ್ವುಸ್' ಎಂದರೂ ಗುಲಾಮನೇ. ಆದರೆ ಅದೇ ಬೇರಿನಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ 'ಸರ್ವೆಂಟ್' ಮನೆಗೆಲಸದವನಾಗಿಬಿಟ್ಟ. ಯುರೋಪಿನಲ್ಲಿ ಸ್ಲಾವ್ ಜನಾಂಗದವರನ್ನು ಹಿಡಿದು ಮಾರುತ್ತಿದ್ದ ಕಾಲದಲ್ಲಿ ಗುಲಾಮನಿಗೆ 'ಸ್ಲೇವ್' ಎಂಬ ಹೊಸ ಪದವೇ ಹುಟ್ಟಿತ್ತು. ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡೇಲ್ 1526ರಲ್ಲಿ ಹಳೆಯ ಪದವನ್ನೇ ಉಳಿಸಿಕೊಂಡ. ಕಿಂಗ್ ಜೇಮ್ಸ್‌ನವರೂ ಅವನನ್ನೇ ಅನುಸರಿಸಿದರು. ಕೆಲವೆಡೆ 'ಬಾಂಡ್' ಎಂಬ ಪದ ಬಂದರೂ ಬಹುತೇಕ ಕಡೆ ಸರ್ವೆಂಟೇ. ಅವರ ಇಡೀ ಬೈಬಲಿನಲ್ಲಿ ಸ್ಲೇವ್ ಎಂಬ ಪದ ಎರಡೇ ಕಡೆ ಇದೆ. ಹೊಸ ಒಡಂಬಡಿಕೆಯಲ್ಲಿ ಒಂದೇ ಸಲ, ಪ್ರಕಟನೆ ಗ್ರಂಥದ 18ನೇ ಅಧ್ಯಾಯದಲ್ಲಿ, ಪತನಗೊಂಡ ಬಾಬೆಲಿನ ವ್ಯಾಪಾರಿಗಳ ಸರಕುಗಳ ಪಟ್ಟಿಯ ಕೊನೆಗೆ. ತಮಾಷೆಯೆಂದರೆ ಅಲ್ಲಿ ಮೂಲದಲ್ಲಿ ದೂಲೊಸ್ ಇಲ್ಲ. 'ದೇಹಗಳು' ಎಂದಿದೆ. ಚಿನ್ನ, ಮುತ್ತು, ಗೋಧಿ, ಕುದುರೆ, ದೇಹ.

ಒಂದು ಪದ ಮೆತ್ತಗಾದರೆ ಏನಾಗುತ್ತದೆ ಎಂಬುದು ತಿಳಿದದ್ದು ಅಮೆರಿಕದಲ್ಲಿ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಹೋದ ಫ್ರೆಡರಿಕ್ ಡಗ್ಲಾಸ್ 1845ರ ಆತ್ಮಕಥನದಲ್ಲಿ ತನ್ನ ಒಡೆಯ ಥಾಮಸ್ ಆಲ್ಡ್‌ನ ಬಗ್ಗೆ ಬರೆಯುತ್ತಾನೆ. ಮತಸಭೆಯೊಂದರಲ್ಲಿ ಭಕ್ತನಾಗಿ ಬಂದ ಆಲ್ಡ್, ಕಾಲು ಊನವಾದ ಯುವತಿಯೊಬ್ಬಳನ್ನು ಕಟ್ಟಿಹಾಕಿ ರಕ್ತ ಇಳಿಯುವವರೆಗೆ ಚಾವಟಿಯಿಂದ ಹೊಡೆಯುತ್ತಾ ಬೈಬಲಿನ ವಚನವೊಂದನ್ನು ಹೇಳುತ್ತಿದ್ದನಂತೆ. ಒಡೆಯನ ಮನಸ್ಸು ತಿಳಿದೂ ಅದರಂತೆ ನಡೆಯದ ಸೇವಕನಿಗೆ ಬಹಳ ಪೆಟ್ಟು ಬೀಳುವುದು ಎಂಬರ್ಥದ, ಲೂಕನ 12ನೇ ಅಧ್ಯಾಯದ ಮಾತು ಅದು. ಇಂಗ್ಲಿಷಿನಲ್ಲಿ 'ಸರ್ವೆಂಟ್'. ಗ್ರೀಕಿನಲ್ಲಿ ದೂಲೊಸ್. ಆಲ್ಡ್‌ಗೆ ಗ್ರೀಕ್ ಬೇಕಿರಲಿಲ್ಲ. ತನ್ನ ಹೊಲದಲ್ಲಿ ದುಡಿಯುವವರನ್ನು ಒಡೆಯರು ನಯವಾಗಿ ಕರೆಯುತ್ತಿದ್ದುದೂ ಸರ್ವೆಂಟ್ಸ್ ಎಂದೇ.

ಆಮೇಲೆ ನಡೆದದ್ದು ವಿಚಿತ್ರ. ಗುಲಾಮಗಿರಿಯ ವಿರುದ್ಧ ನಿಂತ ಪಂಡಿತರು ದೂಲೊಸ್ ಎಂದರೆ ಗುಲಾಮನೇ ಆಗಬೇಕಿಲ್ಲ ಎಂದು ಸಾಧಿಸಲು ಹೊರಟರು. ಫಿಲಡೆಲ್ಫಿಯಾದ ಪ್ರೆಸ್ಬಿಟೇರಿಯನ್ ಪಾದ್ರಿ ಆಲ್ಬರ್ಟ್ ಬಾರ್ನ್ಸ್ 1846ರಲ್ಲಿ ಇದಕ್ಕೆಂದೇ ದೊಡ್ಡ ಪುಸ್ತಕ ಬರೆದ. ದೂಲೊಸ್ ಎಂಬುದು ವಿಶಾಲವಾದ ಪದ, ಸ್ವಂತ ಇಚ್ಛೆಯಿಂದ ಕೆಲಸಕ್ಕೆ ನಿಂತವನೂ ಅದರಲ್ಲಿ ಬರುತ್ತಾನೆ ಎಂಬುದು ಅವನ ನಿಲುವು. ದಕ್ಷಿಣ ರಾಜ್ಯಗಳ ಪಾದ್ರಿಗಳು ನಿಘಂಟು ತೆರೆದು, ಇಲ್ಲ, ಇದು ಗುಲಾಮನೇ, ಪೌಲನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ ಎಂದರು. 1844ರಲ್ಲಿ ಮೆಥಡಿಸ್ಟ್ ಸಭೆ, 1845ರಲ್ಲಿ ಬ್ಯಾಪ್ಟಿಸ್ಟ್ ಸಭೆ ಗುಲಾಮರ ಒಡೆತನದ ಪ್ರಶ್ನೆಯ ಮೇಲೆ ಒಡೆದವು. ಈಗ ಕೂತು ಆ ವಾದಗಳನ್ನು ಓದುವಾಗ ಮುಜುಗರವಾಗುತ್ತದೆ. ಪದದ ಅರ್ಥದ ಮಟ್ಟಿಗೆ ಒಡೆಯರ ಕಡೆಯವರು ಹೇಳಿದ್ದೇ ಹೆಚ್ಚು ಸರಿ. ಆದರೆ ಪದದ ಅರ್ಥ ಸರಿಯಾಗಿ ಹೇಳಿದ ಮಾತ್ರಕ್ಕೆ ಮನುಷ್ಯರನ್ನು ಮಾರುವ ಹಕ್ಕು ಬರುವುದಿಲ್ಲ ಎಂಬ ಸರಳ ಮಾತನ್ನು ಹೇಳಲು ಬಾರ್ನ್ಸ್‌ನಂಥ ಒಳ್ಳೆಯವರಿಗೂ ಧೈರ್ಯ ಸಾಲಲಿಲ್ಲ. ಗ್ರಂಥ ತಪ್ಪಾಗಿರಲಾರದು ಎಂದು ನಂಬಿದವರು ಪದವನ್ನೇ ಬಗ್ಗಿಸಲು ನೋಡಿದರು.

ಅದನ್ನು ಹೇಳಿದವರು ಅಕ್ಷರವೇ ಬಾರದವರು. ಪೌಲ ಬರೆದ ಅತಿ ಚಿಕ್ಕ ಪತ್ರ ಫಿಲೆಮೋನನಿಗೆ ಬರೆದದ್ದು. ಒನೇಸಿಮ ಎಂಬ ಗುಲಾಮನನ್ನು ಒಡೆಯ ಫಿಲೆಮೋನನ ಬಳಿಗೆ ತಿರುಗಿ ಕಳಿಸುತ್ತಾ, ಅವನನ್ನು ದೂಲೊಸ್ ಎಂದಲ್ಲ, ಅದಕ್ಕಿಂತ ಮಿಗಿಲಾಗಿ ಪ್ರೀತಿಯ ತಮ್ಮನೆಂದು ಸ್ವೀಕರಿಸು ಎಂದು ಪೌಲ ಕೇಳುತ್ತಾನೆ. ಬಿಡುಗಡೆ ಮಾಡು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಜಾರ್ಜಿಯಾದ ಪಾದ್ರಿ, ಸ್ವತಃ ಗುಲಾಮರ ಒಡೆಯನಾಗಿದ್ದ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ 1833ರಲ್ಲಿ ಗುಲಾಮರ ಸಭೆಯಲ್ಲಿ ಇದೇ ಪತ್ರದ ಮೇಲೆ ಪ್ರಸಂಗ ಮಾಡಿದ. ಓಡಿಹೋಗುವುದು ಪಾಪ ಎಂದು ಪೌಲನ ಹೆಸರಿನಲ್ಲಿ ಹೇಳುತ್ತಿದ್ದಂತೆ ಅರ್ಧ ಜನ ಎದ್ದು ನಡೆದರು. ಉಳಿದವರಲ್ಲಿ ಕೆಲವರು, ಬೈಬಲಿನಲ್ಲಿ ಇಂಥ ಪತ್ರವೇ ಇಲ್ಲ, ಇದು ಸುವಾರ್ತೆಯಲ್ಲ ಎಂದರಂತೆ. ಇದನ್ನು ದಾಖಲಿಸಿದ್ದು ಜೋನ್ಸ್‌ನೇ.

ಕಪ್ಪು ಜನಾಂಗದ ದೊಡ್ಡ ಚಿಂತಕ ಹೊವರ್ಡ್ ಥರ್ಮನ್ 1949ರ ತನ್ನ ಪುಸ್ತಕದಲ್ಲಿ ಅಜ್ಜಿಯ ಕಥೆ ಹೇಳುತ್ತಾನೆ. ಗುಲಾಮಳಾಗಿ ಹುಟ್ಟಿದ್ದ ಅಜ್ಜಿಗೆ ಓದು ಬಾರದು. ಮೊಮ್ಮಗ ಬೈಬಲು ಓದಿ ಹೇಳಬೇಕು. ಆದರೆ ಪೌಲನ ಪತ್ರಗಳನ್ನು ಓದಗೊಡುತ್ತಿರಲಿಲ್ಲ. ಪ್ರೀತಿಯ ಬಗೆಗಿನ ಒಂದು ಅಧ್ಯಾಯಕ್ಕೆ ಮಾತ್ರ ಅಪರೂಪಕ್ಕೆ ವಿನಾಯಿತಿ. ಎಷ್ಟೋ ವರ್ಷಗಳ ನಂತರ ಕೇಳಿದಾಗ ಕಾರಣ ಹೇಳಿದಳು: ಒಡೆಯ ಕರೆಸುತ್ತಿದ್ದ ಪಾದ್ರಿ ಪ್ರತಿ ಬಾರಿ ಆರಿಸುತ್ತಿದ್ದದ್ದು ಪೌಲನನ್ನೇ, ಯಜಮಾನರಿಗೆ ವಿಧೇಯರಾಗಿರಿ ಎಂಬ ಭಾಗವನ್ನೇ. ಬಿಡುಗಡೆಯಾಗಿ ಓದು ಕಲಿತರೂ ಅದನ್ನು ಮಾತ್ರ ಓದುವುದಿಲ್ಲ ಎಂದು ಅವಳು ಆಗಲೇ ಶಪಥ ಮಾಡಿದ್ದಳು.

ಹೀಗಿದ್ದ ಮೇಲೆ ಆ ಸಮುದಾಯದವರೇ ಮೃದುವಾದ ಪದ ಬೇಕೆಂದಾರು ಎನಿಸಬಹುದು. ಆದದ್ದು ಬೇರೆ. 1990ರಲ್ಲಿ ಕ್ಲಾರಿಸ್ ಮಾರ್ಟಿನ್ ಎಂಬ ಕಪ್ಪು ವಿದ್ವಾಂಸೆ, ದೂಲೊಸ್‌ಗೆ ಸೇವಕ ಎನ್ನುವುದು ಗುಲಾಮಗಿರಿಯ ಕ್ರೌರ್ಯವನ್ನು ಮರೆಮಾಡುವ ಬಗೆ, ಗುಲಾಮ ಎಂದೇ ಹಾಕಬೇಕು ಎಂದು ವಾದಿಸಿದಳು. ಗಾಯ ಕಂಡರೆ ತಾನೇ ಅದರ ಬಗ್ಗೆ ಮಾತು? ಇತ್ತ 2011ರಲ್ಲಿ ಪರಿಷ್ಕರಣೆಗೊಂಡ ಇಎಸ್‌ವಿ ಎಂಬ ಇಂಗ್ಲಿಷ್ ಬೈಬಲು ಎಫೆಸದವರ ಪತ್ರದಲ್ಲಿ ತಾನೇ ಹಿಂದೆ ಹಾಕಿದ್ದ 'ಸ್ಲೇವ್ಸ್' ತೆಗೆದು 'ಬಾಂಡ್‌ಸರ್ವೆಂಟ್ಸ್' ಎಂದಿತು. ಓದುಗರ ಮನಸ್ಸಿಗೆ ಅಮೆರಿಕದ ಹತ್ತಿ ಹೊಲಗಳು ಬರದಿರಲಿ ಎಂಬ ಕಾಳಜಿ ಇದ್ದೀತು. ಆದರೆ ಆ ಪದವನ್ನು ಇಂದು ಯಾರೂ ಆಡುವುದಿಲ್ಲ. ಹಾಗಾಗಿ ಅದರಿಂದ ಯಾರಿಗೂ ನೋವಾಗುವುದೂ ಇಲ್ಲ.

ಕನ್ನಡದಲ್ಲಿ ಏನಾಯಿತು? ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೇ ಶತಮಾನದ ಮೊದಲ ದಶಕಗಳಲ್ಲಿ ಶುರುಮಾಡಿದ ಅನುವಾದದ ಕೆಲಸ ಹಲವು ಕೈ ದಾಟಿ ಬಂದಿದೆ. ಚರ್ಚುಗಳಲ್ಲಿ ಇಂದಿಗೂ ಓದುವ ಹಳೆಯ ಕನ್ನಡ ಬೈಬಲಿನಲ್ಲಿ ಪೌಲ ಕ್ರಿಸ್ತನ 'ದಾಸ'. ಯಜಮಾನನ ಮಾತು ಕೇಳಬೇಕಾದವರೂ 'ದಾಸರು'. ಯೇಸು ಹೇಳುವ ಕಥೆಗಳಲ್ಲಿ ಮಾತ್ರ ದೂಲೊಸ್ 'ಆಳು' ಆಗುತ್ತಾನೆ, ಮಿಸ್ಥಿಯೊಸ್ 'ಕೂಲಿಯಾಳು'. ಇಂಗ್ಲಿಷಿಗಿಂತ ಇದು ನೆಲಕ್ಕೆ ಹತ್ತಿರ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಬೇಸಾಯದ ಬಗ್ಗೆ ಬರೆಯುವಾಗ ಎರಡು ಬಗೆಯ ದುಡಿಯುವವರನ್ನು ಗುರುತಿಸುತ್ತಾನೆ. ಕೂಲಿಯಾಳು ಮತ್ತು ಮೂಲದಾಳು. ಎರಡನೆಯವರು ಕೊಂಡ ಮನುಷ್ಯರು ಎಂದು ಅವನೇ ವಿವರಿಸುತ್ತಾನೆ. ಆ ಕಾಲದ ಕನ್ನಡಿಗ ಕೇಳುಗನಿಗೆ ಆಳು ಎಂದರೆ ಇಬ್ಬರೂ ನೆನಪಾಗುತ್ತಿದ್ದರು. 1843ರ ಕಾಯ್ದೆ ಗುಲಾಮರ ಮೇಲಿನ ಒಡೆತನವನ್ನು ಕೋರ್ಟು ಕಚೇರಿಗಳು ಮಾನ್ಯ ಮಾಡಕೂಡದು ಎಂದಿತು. ಜೀತವನ್ನು ರದ್ದು ಮಾಡುವ ಕಾನೂನಿಗೆ ಮತ್ತೆ 1976ರವರೆಗೆ ಕಾಯಬೇಕಾಯಿತು.

ದಾಸ ಎಂಬ ಪದದ ಕಷ್ಟವೇ ಬೇರೆ. ಪುರಂದರದಾಸ, ಕನಕದಾಸ ಎನ್ನುವ ನಾಡಿನಲ್ಲಿ ಅದು ಕೇಳಿದ ತಕ್ಷಣ ತಂಬೂರಿ ನೆನಪಾಗುತ್ತದೆ, ಸಂಕೋಲೆ ನೆನಪಾಗುವುದಿಲ್ಲ. ಪೌಲನ ಬಿರುದಿಗೆ ಅದು ಸೊಗಸಾಗಿ ಒಪ್ಪುತ್ತದೆ. ಒನೇಸಿಮನಿಗೆ ಒಪ್ಪುವುದಿಲ್ಲ. ಬಸವಣ್ಣ ತನ್ನನ್ನು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವನೆಂದು ಹೇಳಿಕೊಳ್ಳುವ ವಚನವೊಂದಿದೆ. ಬಿಜ್ಜಳನ ಆಸ್ಥಾನದಲ್ಲಿ ಅಧಿಕಾರದಲ್ಲಿದ್ದವನು ತಾನಾಗಿ ಇಳಿದು ಆ ಹೆಸರು ಹೊತ್ತಾಗ ಅದಕ್ಕೊಂದು ಘನತೆ ಬಂತು. ಪೌಲನದೂ ಹಾಗೆಯೇ; ಅವನು ಹುಟ್ಟಿನಿಂದ ಸ್ವತಂತ್ರ. ಇಳಿಯಲು ಮೆಟ್ಟಿಲೇ ಇಲ್ಲದವನಿಗೆ ಅದೇ ಹೆಸರಿಟ್ಟಾಗ ಅದು ಅವನ ಆಯ್ಕೆಯಲ್ಲ.

ಹಾಗಾಗಿ ಅಯ್ಯನವರು ಹೇಳಿದ ಸಂದರ್ಭದ ಮಾತನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ದೂಲೊಸ್ ಎಂದರೆ ಗುಲಾಮ. ಅದರಲ್ಲಿ ಅನುಮಾನಪಡುವಂಥದ್ದಿಲ್ಲ. ಅದನ್ನು ಹಾಗೇ ಬರೆಯಬೇಕು, ಪೌಲನ ಬಿರುದಿನಲ್ಲೂ ಅದರ ಒರಟುತನ ಉಳಿಯಬೇಕು. ನೋಡಬೇಕಾದ ಸಂದರ್ಭ ಎಂದರೆ ಯಾರು ಆ ಪದವನ್ನು ತನಗೆ ಇಟ್ಟುಕೊಂಡ, ಯಾರು ಇನ್ನೊಬ್ಬರಿಗೆ ಇಟ್ಟ ಎಂಬುದು. ನನ್ನ ಪ್ರಬಂಧದ ಕೊನೆಗೆ ಪದಗಳ ಪಟ್ಟಿಯೊಂದನ್ನು ಕೊಡಬೇಕಿದೆ. ಅದರಲ್ಲಿ ಈ ಪದದ ಎದುರು 'ಗುಲಾಮ' ಎಂದು ಬರೆದು, ಮಿಸ್ಥಿಯೊಸ್ ಎದುರು 'ಕೂಲಿಯಾಳು' ಎಂದು ಬರೆದೆ. ವಿವರಣೆ ಕಾಲಂ ಖಾಲಿ ಇತ್ತು. ಸಂಜೆ ಮನೆಗೆ ಹೋಗುವವನು ಎಂದು ಸೇರಿಸಿದೆ. ಗೈಡ್ ಅದನ್ನು ನೋಡಿ ಇದಕ್ಕೆ ಆಕರ ಎಲ್ಲಿ ಎಂದು ಕೇಳಿದ್ದಾರೆ. ತಾತ ತೀರಿಹೋಗಿ ಆರು ವರ್ಷವಾಯಿತು ಎಂದು ಇನ್ನೂ ಹೇಳಿಲ್ಲ.